ಯಾವ ತರಕಾರಿ ಯಾವಾಗ ಹಾಕಬೇಕು? ಕೈತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ತುಮಕೂರು ಕಡೆ, ಅತ್ತೆಮನೆ ಉಡುಪಿ ಕಡೆ, ನಾವಿರುವುದು ಬೆಂಗಳೂರಿನಲ್ಲಿ. ಊರುಗಳಲ್ಲಿ ಹಿತ್ತಲಿದೆ, ಇಲ್ಲಿ ತಾರಸಿಯ ಮೇಲೆ ಕುಂಡಗಳಿವೆ. ಒಂದೇ ಬೆಂಡೆಬೀಜವನ್ನು ಮೂರು ಕಡೆಯವರು ಮೂರು ಬೇರೆ ಹೊತ್ತಿನಲ್ಲಿ ಊರುವುದನ್ನು ನೋಡಿದ ಮೇಲೆಯೇ ಕಾಲದ ವಿಚಾರ ನನ್ನ ತಲೆಗೆ ಹತ್ತಿದ್ದು. ಪರಿಚಯದವರು ಗೊಬ್ಬರದ ಬಗ್ಗೆ ಕೇಳುವುದು ಕಡಿಮೆ, “ಈಗ ಏನು ಹಾಕಬಹುದು?” ಎಂದು ಕೇಳುವುದೇ ಹೆಚ್ಚು. ಅವರಿಗೆ ನಾನು ಕೊಡುತ್ತ ಬಂದ ಉತ್ತರಗಳು ಇವು.

ನಮ್ಮಲ್ಲಿ ವರ್ಷವಿಡೀ ಬಿಸಿಲಿದೆ. ಯಾವಾಗ ಹಾಕಿದರೂ ಬರಬೇಕಲ್ಲವೇ?

ಮೊಳಕೆ ಬರುತ್ತದೆ, ಗಿಡವೂ ಎದ್ದು ನಿಲ್ಲುತ್ತದೆ. ಕೈಕೊಡುವುದು ಆಮೇಲೆ, ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ, ಇಲ್ಲವೇ ಗೆಡ್ಡೆ ಕಟ್ಟುವ ಹೊತ್ತಿಗೆ. ಟೊಮೆಟೊ ಗಿಡಕ್ಕೆ ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಹುರುಳಿಕಾಯಿಯದೂ ಹೆಚ್ಚುಕಡಿಮೆ ಇದೇ ಕಥೆ. ಕ್ಯಾರೆಟ್ ಬೇರು ಚೆನ್ನಾಗಿ ದಪ್ಪವಾಗಿ ಬಣ್ಣ ಹಿಡಿಯುವುದು 15ರಿಂದ 20 ಡಿಗ್ರಿಯ ಆಸುಪಾಸಿನಲ್ಲಿ. ಮೊದಲ ವರ್ಷ ಮಾರ್ಚಿಯಲ್ಲಿ ನಾನು ಹಾಕಿದ್ದ ಕ್ಯಾರೆಟ್‌ಗೆ ಸೊಪ್ಪು ಮೊಣಕಾಲೆತ್ತರ ಬಂದಿತ್ತು; ಕಿತ್ತರೆ ಕೆಳಗೆ ಬಿಳಿಚಿದ, ಕಿರುಬೆರಳಿಗಿಂತ ಸಣ್ಣ ಬೇರು. ಮಣ್ಣು, ನೀರು, ಗೊಬ್ಬರ ಯಾವುದರಲ್ಲೂ ಕೊರತೆ ಇರಲಿಲ್ಲ. ಕಾಲ ಮಾತ್ರ ತಪ್ಪಿತ್ತು.

ಅಂದಿನಿಂದ ನಾನು ಬಿತ್ತುವ ದಿನವನ್ನು ಹುಡುಕುವುದು ಬಿಟ್ಟೆ. ಈ ಗಿಡ ಯಾವ ಹವೆಯಲ್ಲಿ ಹೂ ಬಿಡಬೇಕು ಎಂದು ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ಬೆಂಗಳೂರಿನಲ್ಲಿ ಟೊಮೆಟೊ ನವೆಂಬರಿನ ತಂಪಿನಲ್ಲಿ ಹೂ ಬಿಡಲಿ ಎಂದುಕೊಳ್ಳಿ. ಸಸಿ ನೆಟ್ಟು ಹೂ ಬರಲು ಸುಮಾರು ಒಂದು ತಿಂಗಳು, ಸಸಿ ತಯಾರಾಗಲು ಇನ್ನೊಂದು ತಿಂಗಳು. ಅಂದರೆ ಬೀಜ ಮಣ್ಣಿಗೆ ಬೀಳಬೇಕಾದ್ದು ಸೆಪ್ಟೆಂಬರಿನಲ್ಲಿ. ಮುಂದಿನ ಉತ್ತರಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಮುಂಗಾರು, ಹಿಂಗಾರು, ಬೇಸಿಗೆ: ಕೈತೋಟಕ್ಕೆ ಈ ಮೂರು ಸಾಕೇ?

ಬಯಲುಸೀಮೆಗೆ ಸಾಕು. ಜೂನ್-ಜುಲೈಯಲ್ಲಿ ಬೆಂಡೆ, ಬದನೆ, ಮೆಣಸಿನಕಾಯಿ, ಅಲಸಂದೆ, ಅವರೆ, ಕುಂಬಳ, ಹೀರೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಹಿರಿಯರು ಇಂಗ್ಲಿಷ್ ತರಕಾರಿ ಎಂದು ಕರೆಯುವಂಥವು: ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಹೂಕೋಸು, ನವಿಲುಕೋಸು, ಬಟಾಣಿ. ಇವುಗಳ ಜೊತೆಗೆ ಟೊಮೆಟೊ, ಹುರುಳಿಕಾಯಿ, ಮೂಲಂಗಿಯೂ ಆಗುತ್ತವೆ. ಚಳಿ ಸಡಿಲವಾಗುವ ಜನವರಿ ಕೊನೆ, ಫೆಬ್ರವರಿಯಲ್ಲಿ ಸೌತೆ, ಸೋರೆ, ಹೀರೆ, ಹಾಗಲ, ಮತ್ತೆ ಬೆಂಡೆ.

ಬೆಂಗಳೂರಿನವರು ಒಂದು ಮಾತು ನೆನಪಿಡಬೇಕು. ಇಲ್ಲಿ ಜೋರು ಮಳೆ ಬರುವುದು ಜೂನಿನಲ್ಲಲ್ಲ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಚಳಿಗಾಲದ ತರಕಾರಿಗೆ ಸಸಿ ಮಾಡುವ ಹೊತ್ತೂ ಅದೇ. ಆದ್ದರಿಂದ ಸಸಿ ತಟ್ಟೆಯನ್ನು ಬಯಲಿನಲ್ಲಿಡದೆ, ಮೇಲೊಂದು ಪಾರದರ್ಶಕ ಹಾಳೆ ಕಟ್ಟಿ. ಒಂದು ಸಂಜೆಯ ಜಡಿಮಳೆಗೆ ತಿಂಗಳ ಕೆಲಸ ಕೊಚ್ಚಿಹೋಗುತ್ತದೆ.

ಅಜ್ಜ ರೋಹಿಣಿ, ಆರಿದ್ರೆ ಎಂದು ಮಳೆ ನಕ್ಷತ್ರ ಹೇಳುತ್ತಾರೆ. ಕುಂಡದಲ್ಲಿ ಬೆಳೆಯುವವರಿಗೆ ಅದರಿಂದ ಉಪಯೋಗವಿದೆಯೇ?

ಬಹಳ ಇದೆ. ದಯವಿಟ್ಟು ಅಜ್ಜನ ಹತ್ತಿರ ಕೂತು ಬರೆದುಕೊಳ್ಳಿ.

ಮಳೆ ನಕ್ಷತ್ರ ಎಂದರೆ ಸೂರ್ಯ ಇರುವ ನಕ್ಷತ್ರ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಇದು ಸೂರ್ಯನ ಲೆಕ್ಕವಾದ್ದರಿಂದ ತಾರೀಕು ಹೆಚ್ಚು ಸರಿದಾಡುವುದಿಲ್ಲ: ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8, ಆರಿದ್ರೆ ಜೂನ್ 22, ಮಘೆ ಆಗಸ್ಟ್ 17, ಹಸ್ತ ಸೆಪ್ಟೆಂಬರ್ 27, ಸ್ವಾತಿ ಅಕ್ಟೋಬರ್ 24. ಯುಗಾದಿ, ದಸರಾ ಚಂದ್ರನ ಲೆಕ್ಕದವು. ಒಂದು ವರ್ಷ ಸೆಪ್ಟೆಂಬರಿನಲ್ಲೇ ಶುರುವಾಗುವ ನವರಾತ್ರಿ ಇನ್ನೊಂದು ವರ್ಷ ಅಕ್ಟೋಬರಿನ ನಡುವಿಗೆ ಹೋಗುತ್ತದೆ. “ದಸರಾ ಹೊತ್ತಿಗೆ ಕ್ಯಾರೆಟ್ ಹಾಕು” ಎಂದರೆ ಮೂರು ವಾರ ಆಚೀಚೆ ಆಗಬಹುದು. “ಹಸ್ತದಲ್ಲಿ ಹಾಕು” ಎಂದರೆ ಆಗುವುದಿಲ್ಲ. ಹಿರಿಯರು ಬೇಸಾಯಕ್ಕೆ ತಿಥಿಯನ್ನು ಬಿಟ್ಟು ಮಳೆ ನಕ್ಷತ್ರವನ್ನು ಹಿಡಿದದ್ದರಲ್ಲಿ ಎಂಥ ವಿವೇಕವಿದೆ ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ.

“ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ” ಎಂಬ ಮಾತು ಹೊಲದ್ದು. “ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು” ಎಂಬುದೂ ಹೊಲದ್ದೇ. ಕುಂಡಕ್ಕೆ ನೀರು ನಾವೇ ಹಾಕುತ್ತೇವೆ, ಆದರೆ ಮೋಡ, ಗಾಳಿ, ತೇವ, ರಾತ್ರಿಯ ತಂಪು ನಕ್ಷತ್ರದ ಜೊತೆಗೇ ಬರುತ್ತವೆ. ನನ್ನ ತಾರಸಿಯಲ್ಲಿ ರೋಹಿಣಿಗೆ ಬಳ್ಳಿ ತರಕಾರಿ, ಮೃಗಶಿರಕ್ಕೆ ಬದನೆ-ಮೆಣಸಿನಕಾಯಿ ಒಟ್ಲು (ಸಸಿಮಡಿ), ಹಸ್ತಕ್ಕೆ ಮುಂಚಿನ ಉತ್ತರೆಗೆ ಟೊಮೆಟೊ ಮತ್ತು ಕೋಸಿನ ಸಸಿ, ಹಸ್ತ ಮತ್ತು ಅದರ ಮುಂದಿನ ಚಿತ್ತೆಗೆ ಕ್ಯಾರೆಟ್-ಬೀಟ್‌ರೂಟ್. ಮಳೆ ಬರಲಿ ಬಾರದಿರಲಿ, ಈ ಕ್ರಮ ನನ್ನನ್ನು ಕೈಬಿಟ್ಟಿಲ್ಲ.

ನಾವು ಕರಾವಳಿಯವರು. ಇಲ್ಲಿ ಮುಂಗಾರಿಗೆ ಬಿತ್ತಿದರೆ ಬೀಜ ಕೊಳೆತೇ ಹೋಗುತ್ತದಲ್ಲ?

ಹೌದು, ಅದಕ್ಕೇ ಮಳೆ ಬಂದ ಮೇಲೆ ಬಿತ್ತಬಾರದು, ಬರುವ ಮುಂಚೆ ಬಿತ್ತಬೇಕು. ಮೇ ನಡುವಿನಲ್ಲಿ ಒಂದೆರಡು ಮಳೆ ಬಿದ್ದ ಕೂಡಲೇ ಅತ್ತೆ ಅಂಗಳದ ಬದಿಯಲ್ಲಿ ಸುಡುಮಣ್ಣು, ಹಟ್ಟಿಗೊಬ್ಬರ ಸೇರಿಸಿ ದಿಬ್ಬ ಏರಿಸುತ್ತಾರೆ. ಮುಳ್ಳುಸೌತೆ, ಹೀರೆ, ಪಡುವಲ, ಹಾಗಲ, ಬೆಂಡೆ ಬೀಜ ಅದರಲ್ಲಿ. ಜೂನಿನ ಮಳೆ ಹಿಡಿಯುವಷ್ಟರಲ್ಲಿ ಗಿಡಕ್ಕೆ ನಾಲ್ಕಾರು ಎಲೆ ಬಂದಿರಬೇಕು. ಆಮೇಲೆ ಎಷ್ಟು ಸುರಿದರೂ ದಿಬ್ಬದಿಂದ ನೀರು ಇಳಿದು ಹೋಗುತ್ತದೆ, ಬಳ್ಳಿ ಚಪ್ಪರ ಹತ್ತುತ್ತದೆ. ಅಷ್ಟಮಿ, ಚೌತಿಯ ಅಡುಗೆಗೆ ಮನೆಯದೇ ಮುಳ್ಳುಸೌತೆ ಆಗುವುದು ಹೀಗೆ. ಬಸಳೆಯ ಕಡ್ಡಿ, ನುಗ್ಗೆಯ ರೆಂಬೆ ಊರುವುದಕ್ಕೂ ಇದೇ ಹೊತ್ತು.

ಕರಾವಳಿಯ ದೊಡ್ಡ ತರಕಾರಿ ಕಾಲ ಮಾತ್ರ ಮಳೆ ಬಿಟ್ಟ ಮೇಲಿನದು. ಕೆಂಪು ಹರಿವೆ, ಸಾಂಬಾರು ಸೌತೆ, ಅಲಸಂದೆ, ಬದನೆ, ಕುಂಬಳ ಎಲ್ಲವೂ ಗದ್ದೆ ಕೊಯ್ಲಾದ ಮೇಲೆ ನಳನಳಿಸುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳ ಬದನೆಯೂ ಮಳೆಗಾಲ ಮುಗಿಸಿಕೊಂಡು ನೆಡುವ ಬೆಳೆಯೇ. ಮಂಗಳೂರು, ಉಡುಪಿಯ ರಾತ್ರಿಗಳಲ್ಲಿ ಚಳಿ ಸಾಲದು. ಅಲ್ಲಿ ಕ್ಯಾರೆಟ್, ಹೂಕೋಸಿನ ಹಿಂದೆ ಬೀಳಬೇಡಿ ಎಂದೇ ನನ್ನ ಸಲಹೆ. ಆ ಜಾಗದಲ್ಲಿ ಹರಿವೆ ಹಾಕಿದರೆ ದಂಟು ಹೆಬ್ಬೆರಳ ಗಾತ್ರ ಬರುತ್ತದೆ.

ಮಲೆನಾಡಿನವರಿಗೂ ಹೆಚ್ಚುಕಡಿಮೆ ಇದೇ ಕ್ರಮ, ಆದರೆ ಅಲ್ಲಿ ಚಳಿ ಇರುವುದರಿಂದ ನವೆಂಬರಿನಲ್ಲಿ ಕೋಸು, ಮೂಲಂಗಿ, ಬಟಾಣಿಗೂ ಕೈಹಾಕಬಹುದು.

ಕಲಬುರಗಿ, ರಾಯಚೂರು, ವಿಜಯಪುರದ ಕಡೆ?

ಅಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಏಪ್ರಿಲ್-ಮೇಯಲ್ಲಿ ಹೊಸದಾಗಿ ಏನನ್ನೂ ಶುರುಮಾಡಬೇಡಿ. ಇರುವ ಬದನೆ, ಮೆಣಸಿನಗಿಡಕ್ಕೆ ನೆರಳು ಕಟ್ಟಿ ಉಳಿಸಿಕೊಂಡರೆ ಸಾಕು. ಮಿರಗದ (ಮೃಗಶಿರ) ಮಳೆಗೆ ಬೆಂಡೆ, ಚವಳಿ (ಗೋರಿಕಾಯಿ), ಹೀರೆ, ಮುಳಗಾಯಿ (ಬದನೆ). ನಿಮ್ಮ ಬಂಗಾರದ ಕಾಲ ಅಕ್ಟೋಬರಿನಿಂದ ಜನವರಿ. ಎರೆಮಣ್ಣು ಹಿಂಗಾರಿನ ತೇವವನ್ನು ಬಹಳ ದಿನ ಹಿಡಿದಿಡುತ್ತದೆ, ರಾತ್ರಿ ಬೆಂಗಳೂರಿಗಿಂತ ತಂಪಾಗುವುದೂ ಉಂಟು. ಮೆಂತ್ಯ, ಮೂಲಂಗಿ, ಗಜ್ಜರಿ (ಕ್ಯಾರೆಟ್), ಈರುಳ್ಳಿ, ಕೋಸು ಎಲ್ಲವನ್ನೂ ಆ ನಾಲ್ಕು ತಿಂಗಳಲ್ಲಿ ತುಂಬಿಕೊಳ್ಳಿ.

ಬೀಜದ ಪೊಟ್ಟಣದ ಮೇಲೆ ಬರೆದ ತಿಂಗಳನ್ನೇ ಅನುಸರಿಸಿದೆ. ಆದರೂ ಸರಿಬರಲಿಲ್ಲ. ಯಾಕೆ?

ಆ ತಿಂಗಳು ಯಾವ ಊರಿಗೆ ಎಂದು ನೋಡಿದಿರಾ? ಎಷ್ಟೋ ಪೊಟ್ಟಣಗಳಲ್ಲಿ, ವಿಡಿಯೋಗಳಲ್ಲಿ ಹೇಳುವುದು ಉತ್ತರ ಭಾರತದ ಬಯಲಿನ ಕಾಲ. ಅಲ್ಲಿ ಜನವರಿಯ ಚಳಿಗೆ ಬೆಂಡೆ ಮೊಳೆಯುವುದೇ ಇಲ್ಲ, ಆದ್ದರಿಂದ ಫೆಬ್ರವರಿ ಕೊನೆಯವರೆಗೆ ಕಾಯಿರಿ ಎನ್ನುತ್ತಾರೆ. ಬೆಂಗಳೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. ಇಲ್ಲಿ ತಿಂಗಳ ಕೊನೆಗೇ ಬೆಂಡೆ ಊರಬಹುದು, ನಿಧಾನ ಅಷ್ಟೇ. ಅದೇ ಲೆಕ್ಕದಲ್ಲಿ, ಅಲ್ಲಿಯ ಗಡಗಡ ಚಳಿ ಬೇಡುವ ತಡವಾದ ಹೂಕೋಸಿನ ತಳಿಗಳು ಇಲ್ಲಿ ಎಲೆಯ ಮೇಲೆ ಎಲೆ ಬಿಟ್ಟುಕೊಂಡು ಕೂರುತ್ತವೆ, ಹೂ ಕಟ್ಟುವುದಿಲ್ಲ. ಹೂಕೋಸಿಗೆ ಮಾತ್ರ ತಿಂಗಳಿಗಿಂತ ತಳಿ ಮುಖ್ಯ: ದಕ್ಷಿಣದ ಬಯಲಿಗೆ ಬೇಗ ಬರುವ, ಸೆಕೆ ತಡೆಯುವ ತಳಿ ಕೇಳಿ ತನ್ನಿ.

ಪೊಟ್ಟಣದಲ್ಲಿ ತಪ್ಪದೆ ನೋಡಬೇಕಾದ್ದು ಪರೀಕ್ಷೆಯ ದಿನಾಂಕ ಮತ್ತು ಬಳಕೆಯ ಅವಧಿ. ಹಳೆಯ ಬೀಜವಾದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಏಳಕ್ಕಿಂತ ಕಡಿಮೆ ಮೊಳೆತರೆ ದಟ್ಟವಾಗಿ ಬಿತ್ತಿ. ನವರಾತ್ರಿಯಲ್ಲಿ ಘಟದ ಮಣ್ಣಿಗೆ ಧಾನ್ಯ ಹಾಕಿ ಮೊಳಕೆ ನೋಡುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರೆ ಫೆಬ್ರವರಿಯಿಂದ ಬೆಳೆಸುತ್ತಿದ್ದೇನೆ. ಜುಲೈ ಬಂದರೂ ಬಳ್ಳಿ ಬರೀ ಹಬ್ಬುತ್ತಿದೆ. ಗೊಬ್ಬರ ಹೆಚ್ಚಾಯಿತೇ?

ಗೊಬ್ಬರದ ತಪ್ಪಲ್ಲ, ಹಗಲಿನ ಉದ್ದದ ಪರಿಣಾಮ. ಊರಿನ ಹಳೆಯ ಅವರೆ ತಳಿಗಳು ಹಗಲು ಕುಗ್ಗಿ ರಾತ್ರಿ ಹಿಗ್ಗಿದ ಮೇಲೆಯೇ ಹೂ ಬಿಡುತ್ತವೆ. ಬೆಂಗಳೂರಿನಲ್ಲಿ ಜೂನಿನ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನದು ಸುಮಾರು 11 ಗಂಟೆ 20 ನಿಮಿಷ. ನಮ್ಮ ಕಣ್ಣಿಗೆ ಬೀಳದ ಈ ಒಂದೂವರೆ ಗಂಟೆಯ ವ್ಯತ್ಯಾಸ ಬಳ್ಳಿಗೆ ಗೊತ್ತಾಗುತ್ತದೆ. ಬಳ್ಳಿಯ ಪಕ್ಕದಲ್ಲೇ ರಾತ್ರಿಯಿಡೀ ಉರಿಯುವ ಜೋರು ಬೀದಿದೀಪವಿದ್ದರೂ ಹೂ ತಡವಾಗಬಹುದು.

ತವರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ (ನಡುನಡುವಿನ ಮಿಶ್ರಬೆಳೆಯ ಸಾಲಿಗೆ) ಅವರೆ ಬೀಳುವುದು ಜುಲೈಯಲ್ಲಿ. ರಾಗಿ ತೆನೆ ಬಲಿಯುವ ಹೊತ್ತಿಗೆ ಅವರೆ ಹೂವಾಗುತ್ತದೆ, ರಾಗಿ ಕೊಯ್ದು ಬಯಲಾದ ಮೇಲೆ ಇಬ್ಬನಿಯಲ್ಲಿ ಕಾಯಿ ತುಂಬುತ್ತದೆ. ಸೊಗಡು ಕೈಗೆ ಅಂಟುವ ಅವರೆಕಾಯಿ ಡಿಸೆಂಬರ್-ಜನವರಿಯದು. ಚಪ್ಪರದ ಅವರೆಗೂ ಜೂನ್-ಜುಲೈಯೇ ಸರಿ. ಫೆಬ್ರವರಿಯಲ್ಲಿ ಹಾಕಿದರೆ ಎಂಟು ತಿಂಗಳು ಬಳ್ಳಿಗೆ ನೀರು ಹೊತ್ತದ್ದೇ ಬಂತು.

ವರ್ಷದ ಯಾವ ತಿಂಗಳಿಗಾದರೂ ಅವರೆ ಬೇಕೆಂದರೆ ಹಗಲಿನ ಉದ್ದಕ್ಕೆ ಕಟ್ಟುಬೀಳದ ಗಿಡ್ಡ ತಳಿಗಳಿವೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಕುಂಡಕ್ಕೆ ಹೇಳಿ ಮಾಡಿಸಿದಂಥವು. ಸೊಗಡಿನಲ್ಲಿ ಮಾತ್ರ ಚಳಿಗಾಲದ ಊರ ಅವರೆಗೆ ಸಮ ಯಾವುದೂ ಇಲ್ಲ.

ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಊರಿನ ಅವರೆ ಹೂ ಬಿಡುವಷ್ಟರಲ್ಲಿ ಹಿಮ ಬೀಳುತ್ತದೆ. ಏನು ಮಾಡುವುದು?

ಅಲ್ಲಿ ಜೂನಿನ ಹಗಲು 15 ಗಂಟೆ. ಅದು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಅಕ್ಟೋಬರಿನಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ನಡುವೆ ನಿಮ್ಮ ಅವರೆಗೆ ಸಿಗುವುದು ಕೆಲವೇ ವಾರ. ಎಷ್ಟು ಬೇಗ ಬಿತ್ತಿದರೂ ಇದು ಬದಲಾಗುವುದಿಲ್ಲ. ಹಗಲಿಗೆ ಕಟ್ಟುಬೀಳದ ಗಿಡ್ಡ ತಳಿಯೇ ದಾರಿ. ಮೇ ಕೊನೆಗೆ ಮಣ್ಣು ಬೆಚ್ಚಗಾದ ಮೇಲೆ ಹಾಕಿದರೆ ಬೇಸಿಗೆಯಲ್ಲೇ ಕಾಯಿ ಸಿಗುತ್ತದೆ. ಬೆಂಡೆ, ಹೀರೆ, ಹಾಗಲಕ್ಕೂ ಮಣ್ಣಿನ ಬಿಸಿ ನೋಡಿ. ತಣ್ಣನೆ ಮಣ್ಣಿನಲ್ಲಿ ಬೀಜ ಕೊಳೆಯುತ್ತದೆ. ಊರಿಂದ ಬೀಜವನ್ನು ಸುಮ್ಮನೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಬೇಡಿ. ಅಲ್ಲಿ ಬೀಜ ಆಮದಿಗೆ ನಿಯಮಗಳಿವೆ, ವಿಮಾನ ನಿಲ್ದಾಣದಲ್ಲಿ ಕಡ್ಡಾಯವಾಗಿ ತಿಳಿಸಬೇಕು. ಅಲ್ಲಿಯೇ ಭಾರತೀಯ ತರಕಾರಿ ಬೀಜ ಮಾರುವವರಿಂದ ಕೊಳ್ಳುವುದು ಸುಲಭ.

ಬೇಸಿಗೆಯಲ್ಲಿ ನೆಟ್ಟ ಟೊಮೆಟೊ ಎಲೆಗಳೆಲ್ಲ ಮುದುರಿಕೊಂಡವು. ಔಷಧಿ ಏನು?

ಮುದುರಿದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ದೂರ ಹಾಕಿ. ಅದು ಬಿಳಿನೊಣ ಹರಡುವ ನಂಜುರೋಗ (ವೈರಸ್ ರೋಗ). ಫೆಬ್ರವರಿಯಿಂದ ಮೇವರೆಗಿನ ಒಣ ಸೆಕೆಯಲ್ಲಿ ಬಿಳಿನೊಣ ವಿಪರೀತ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಾಕಿದ ಟೊಮೆಟೊ ಆ ಹೊತ್ತಿಗೆ ಕಾಯಿ ಕೊಟ್ಟು ಮುಗಿಸಿರುತ್ತದೆ, ಫೆಬ್ರವರಿಯಲ್ಲಿ ನೆಟ್ಟ ಎಳೆಗಿಡ ನೇರ ಅದರ ಬಾಯಿಗೆ ಬೀಳುತ್ತದೆ. ಬೇಸಿಗೆಯಲ್ಲೂ ಬೇಕೇ ಬೇಕೆಂದರೆ ಸಸಿಯನ್ನು ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸಿ, ಹೆಸರಘಟ್ಟದ ಅರ್ಕಾ ರಕ್ಷಕ್‌ನಂಥ ತಡೆಶಕ್ತಿಯ ತಳಿ ಆರಿಸಿ. ಅದು ಹೈಬ್ರಿಡ್, ಹಣ್ಣಿನಿಂದ ಬೀಜ ತೆಗೆದಿಟ್ಟರೆ ಅದೇ ಗುಣ ಬರುವುದಿಲ್ಲ.

ನಮ್ಮದು ಅಪಾರ್ಟ್‌ಮೆಂಟ್ ಬಾಲ್ಕನಿ. ದಿಕ್ಕಿಗೂ ಕಾಲಕ್ಕೂ ಸಂಬಂಧವಿದೆಯೇ?

ಇದನ್ನು ಕೇಳುವವರು ಕಡಿಮೆ, ಆದರೆ ಬಾಲ್ಕನಿಯವರಿಗೆ ಮಳೆಗಿಂತ ಇದೇ ದೊಡ್ಡದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು ನೆರಳೇ ಇಲ್ಲವಾಗುತ್ತದೆ. ಆಮೇಲೆ ಉತ್ತರಕ್ಕೆ ಸರಿದು, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಹೋಗುತ್ತಾನೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಮೇ-ಜೂನಿನಲ್ಲಿ ಮಧ್ಯಾಹ್ನದ ಬಿಸಿಲು ಒಳಗೇ ಬರುವುದಿಲ್ಲ, ಡಿಸೆಂಬರಿನಲ್ಲಿ ಓರೆಯಾಗಿ ಆಳಕ್ಕೆ ಬೀಳುತ್ತದೆ. ಉತ್ತರದ ಬಾಲ್ಕನಿಯದು ಇದರ ತಿರುವುಮುರುವು.

ದಕ್ಷಿಣ ಮುಖದವರು ಸೆಪ್ಟೆಂಬರಿನಲ್ಲಿ ಟೊಮೆಟೊ, ಹುರುಳಿಕಾಯಿ, ಮೆಣಸಿನಕಾಯಿ ಶುರುಮಾಡಿ. ಉತ್ತರ ಮುಖದವರು ಕಾಯಿ ಬಿಡುವ ಗಿಡಗಳನ್ನು ಮಾರ್ಚಿಯಲ್ಲಿ ಹಾಕಿ ಆಗಸ್ಟ್‌ನೊಳಗೆ ಮುಗಿಸಿ, ಉಳಿದ ತಿಂಗಳು ಪುದೀನ, ಬಸಳೆ, ದೊಡ್ಡಪತ್ರೆಗೆ ಬಿಡಿ. ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು, ಎಳೆಬಿಸಿಲು ವರ್ಷವಿಡೀ. ಒಂದು ಭಾನುವಾರ ಬೆಳಗಿನಿಂದ ಸಂಜೆವರೆಗೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿ, ಮೂರು ತಿಂಗಳು ಬಿಟ್ಟು ಮತ್ತೆ ಹಾಕಿ ನೋಡಿ.

ಕೊತ್ತಂಬರಿ ಸೊಪ್ಪು ಬೇಸಿಗೆಯಲ್ಲಿ ಬೇಗ ಹೂವಿಗೆ ಬರುತ್ತದಲ್ಲ?

ಸೆಕೆಗೆ ಅದರ ಸ್ವಭಾವವೇ ಹಾಗೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಹದಿನೈದು ದಿನಕ್ಕೊಂದು ಸಲ ಒಂದೊಂದು ಹಿಡಿ ಬಿತ್ತಿ. ಬೀಜವನ್ನು ಉಜ್ಜಿ ಎರಡು ಹೋಳು ಮಾಡುವುದನ್ನು ಮರೆಯಬೇಡಿ. ಬೇಸಿಗೆಯಲ್ಲಿ ಅರ್ಧ ನೆರಳಿನ ಬಲೆಯ ಕೆಳಗೆ ಹಾಕಿ ಎಳೆಯದಾಗಿಯೇ ಕಿತ್ತುಬಿಡಿ.

ಸಸಿ ಎಷ್ಟು ದಿನಕ್ಕೆ ನೆಡಲು ಬರುತ್ತದೆ?

ಟೊಮೆಟೊ, ಕೋಸುಗಳು 25-30 ದಿನ, ಬದನೆ 30-35, ಮೆಣಸಿನಕಾಯಿ 35-40. ಬಳ್ಳಿ ತರಕಾರಿ, ಬೆಂಡೆ, ಹುರುಳಿಕಾಯಿ, ಗೆಡ್ಡೆ ತರಕಾರಿಗಳನ್ನು ಇರುವ ಜಾಗದಲ್ಲೇ ಬಿತ್ತಿ. ಕ್ಯಾರೆಟ್, ಮೂಲಂಗಿಯನ್ನು ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ನೆಡುವುದು ಸಂಜೆ ಹೊತ್ತು, ಮೋಡವಿದ್ದ ದಿನವಾದರೆ ಇನ್ನೂ ಒಳ್ಳೆಯದು.

ಅಮಾವಾಸ್ಯೆ, ಹುಣ್ಣಿಮೆ ನೋಡಿ ಬಿತ್ತಬೇಕೇ?

ಕೆಲವು ವರ್ಷ ಎರಡೂ ಪಕ್ಷದಲ್ಲಿ ಒಂದೇ ಬೀಜ ಹಾಕಿ ನೋಡಿದೆ, ನನಗೆ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ನಡೆದು ಬಂದಿದ್ದರೆ ಪಾಲಿಸಿ, ತೊಂದರೆಯಿಲ್ಲ. ತಿಥಿಗಾಗಿ ಕಾದು ಹದ ಮಾತ್ರ ಕಳೆದುಕೊಳ್ಳಬೇಡಿ.

ಶುಂಠಿ, ಅರಿಸಿನ ಯಾವಾಗ?

ಏಪ್ರಿಲ್-ಮೇಯ ಮೊದಲ ಮಳೆ ಬಿದ್ದ ಮೇಲೆ. ಎಂಟು ಒಂಬತ್ತು ತಿಂಗಳ ಬೆಳೆ. ಎಲೆ ಹಳದಿಯಾಗಿ ಒಣಗಿದಾಗ ಅಗೆಯಿರಿ. ಮೇ ತಿಂಗಳಲ್ಲಿ ಅಡುಗೆಮನೆಯ ಶುಂಠಿ ತಾನಾಗಿಯೇ ಕಣ್ಣು ಬಿಡುತ್ತದೆ, ಅದಕ್ಕಿಂತ ಒಳ್ಳೆಯ ಪಂಚಾಂಗ ಬೇಕಿಲ್ಲ.

ಈಗ ಮಳೆಯೇ ಹೇಳಿದ ಹೊತ್ತಿಗೆ ಬರುವುದಿಲ್ಲ. ಯಾವುದನ್ನು ನಂಬುವುದು?

ನಿಮ್ಮ ಹೋಬಳಿಯ ಮಳೆಯ ಅಂಕಿಯನ್ನು ನಂಬಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಕೊಡುತ್ತದೆ. ಒಂದೇ ದಿನ ಎಲ್ಲ ಬೀಜವನ್ನೂ ಹಾಕದೆ ಮೂರು ಪಾಲು ಮಾಡಿ, ಹತ್ತು ದಿನಕ್ಕೊಂದು ಪಾಲು ಬಿತ್ತಿ. ಯಾವುದಾದರೂ ಒಂದು ಹದಕ್ಕೆ ಸಿಕ್ಕೇ ಸಿಗುತ್ತದೆ. ಜೊತೆಗೆ ಒಂದು ನೋಟ್‌ಪುಸ್ತಕ ಇಡಿ. ಬಿತ್ತಿದ ದಿನಕ್ಕಿಂತ ಮೊದಲ ಹೂ ಬಂದ ದಿನ, ಕಾಯಿ ಕಚ್ಚಿದ ದಿನ, ಬಿಳಿನೊಣ ಮೊದಲು ಕಂಡ ದಿನ, ಬೆಳಗಿನ ಜಾವ ಹೊದಿಕೆ ಬೇಕಾದ ಮೊದಲ ದಿನ, ಇವನ್ನು ಬರೆಯಿರಿ. ಮೂರು ವರ್ಷ ಬರೆದರೆ ನಿಮ್ಮ ಮನೆಯ ವಿಳಾಸಕ್ಕೇ ಬರೆದ ಪಂಚಾಂಗ ಕೈಯಲ್ಲಿರುತ್ತದೆ.

ಇದನ್ನೆಲ್ಲ ಓದಿದೆ. ಇವತ್ತೇ ಏನಾದರೂ ಹಾಕಬೇಕು ಅನ್ನಿಸುತ್ತಿದೆ. ಏನು ಹಾಕಲಿ?

ಹರಿವೆ. ಯಾವ ತಿಂಗಳಾದರೂ ಸರಿ, ಜಡಿಮಳೆಯೊಂದು ಇರದಿದ್ದರಾಯಿತು. ಬೀಜ ಸಾಸಿವೆಗಿಂತ ಸಣ್ಣದು, ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿದರೆ ಸಮನಾಗಿ ಬೀಳುತ್ತದೆ. ಮೇಲೆ ತೆಳುವಾಗಿ ಮಣ್ಣು ಉದುರಿಸಿ ನೀರು ಚಿಮುಕಿಸಿ. ಇರುವೆ ಬೀಜ ಹೊತ್ತೊಯ್ಯುತ್ತದೆ, ಕುಂಡದ ಸುತ್ತ ಒಂದು ಚಿಟಿಕೆ ರವೆ ಚೆಲ್ಲಿಡಿ, ಅದನ್ನೇ ತೆಗೆದುಕೊಂಡು ಹೋಗಲಿ. ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ಸೊಪ್ಪು ಸಾರಿಗೆ ಬರುತ್ತದೆ.